ಇನ್‌ಸ್ಪೆಕ್ಟರ್ ಜನರಲ್ ಸ್ವಾತಂತ್ರ್ಯದ ಮಸೂದೆಯನ್ನು ಅಳೆಯುವುದು ಹೇಗೆ

ಅಮೆರಿಕದ ಫೆಡರಲ್ ಇಲಾಖೆಗಳೊಳಗೇ ಇದ್ದು ಅವುಗಳ ಅಕ್ರಮವನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್‌ಗಳಿಗೆ 1978ರ ಕಾಯ್ದೆಯೇ ಬುನಾದಿ. ಅದನ್ನು ಬಲಪಡಿಸುವ ಮಸೂದೆ ಬಂದಾಗ ಪೀಠಿಕೆ ಬಿಟ್ಟು ಮೊದಲು ವಜಾ ಕಲಮನ್ನು ಓದಿ.

2008ರ ತಿದ್ದುಪಡಿಯಂತೆ ವಜಾಕ್ಕೆ 30 ದಿನ ಮೊದಲು ಅಧ್ಯಕ್ಷರು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಲಿಖಿತ ಕಾರಣ ಕೊಡಬೇಕು. ‘ವಿಶ್ವಾಸ ಉಳಿದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಇದನ್ನು ಮುಗಿಸಲಾಗುತ್ತಿತ್ತು. ಹಾಗಾಗಿ 2022ರ ತಿದ್ದುಪಡಿ ಆಯಾ ಪ್ರಕರಣಕ್ಕೆ ಸಂಬಂಧಿಸಿದ ವಿವರವಾದ ಕಾರಣ ಕೇಳಿತು. ಅದೂ ಸಾಲಲಿಲ್ಲ: 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹನ್ನೆರಡಕ್ಕೂ ಹೆಚ್ಚು ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ನೋಟಿಸ್ ಇಲ್ಲದೆ ತೆಗೆದರು. ಸೆಪ್ಟೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಈ ವಜಾ ಕಾನೂನುಬಾಹಿರ ಎಂದಿತು, ಆದರೆ ಮರುನೇಮಕಕ್ಕೆ ಆದೇಶಿಸಲಿಲ್ಲ. ಮರಳಿ ನೇಮಿಸಿದರೂ ಅಧ್ಯಕ್ಷರು ನೋಟಿಸ್ ಕೊಟ್ಟು ಮತ್ತೆ ತೆಗೆಯಬಹುದಲ್ಲ!

ಆದ್ದರಿಂದ ಮಸೂದೆಯಲ್ಲಿ ಎರಡು ಸಂಗತಿ ಹುಡುಕಿ: ವಜಾಕ್ಕೆ ನಿರ್ದಿಷ್ಟ ಕಾರಣಗಳ ಪಟ್ಟಿ ಇದೆಯೇ, ಉಲ್ಲಂಘಿಸಿದರೆ ಪರಿಹಾರವೇನು? ಎರಡನೆಯದಿಲ್ಲದ ಮಸೂದೆ ನಮ್ಮ ಮಟ್ಟಿಗೆ ಅರ್ಧ ಕೆಲಸ. ಮೊದಲನೆಯದಕ್ಕೆ ಸಂವಿಧಾನದ ತೊಡಕಿದೆ: ಅಧಿಕಾರಿಗಳನ್ನು ತೆಗೆಯುವ ಅಧ್ಯಕ್ಷರ ಅಧಿಕಾರವನ್ನು ಮೊಟಕುಗೊಳಿಸುವ ಕಲಮು ಕೋರ್ಟಿನ ಪರೀಕ್ಷೆಗೆ ಒಳಗಾಗುವುದು ಬಹುತೇಕ ಖಚಿತ.

ಮುಂದೆ, ಖಾಲಿ ಹುದ್ದೆ. ಹಂಗಾಮಿ ಅಧಿಕಾರಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗಳ ಒಳಗಿನಿಂದಲೇ ಬರಬೇಕೆಂಬ 2022ರ ನಿಯಮವನ್ನು ಹೊಸ ಪಠ್ಯ ಸಡಿಲಿಸಿದರೆ ಎಚ್ಚರ. ಇಲಾಖೆಯ ರಾಜಕೀಯ ನೇಮಕಾತಿಯವರು ಆ ಕುರ್ಚಿಗೆ ಬಂದರೆ, ನಡೆಯುತ್ತಿರುವ ತನಿಖೆಗಳ ಕಡತವೆಲ್ಲ ಅವರ ಮೇಜಿಗೆ ಬರುತ್ತದೆ.

ಬಜೆಟ್ ಕಲಮನ್ನೂ ನೋಡಿ. ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಹಣದ ಬೇಡಿಕೆ ಪ್ರತ್ಯೇಕ ಸಾಲಾಗಿ ಕಾಂಗ್ರೆಸ್‌ಗೆ ಹೋಗಬೇಕು. ಇಲ್ಲದಿದ್ದರೆ ಹಣ ಕಡಿತಗೊಳಿಸಿ, ಯಾರನ್ನೂ ವಜಾ ಮಾಡದೆಯೇ ತನಿಖೆ ನಿಲ್ಲಿಸಬಹುದು.