ಕ್ಲಾಸು ರದ್ದು ಮಾಡುವ ಮುಂಚೆ ಒಂದು ಫೋನು

ಸಮುದಾಯ ಕಾಲೇಜಿನ ಆಡಳಿತ ನನ್ನ ಕೈಗೆ ಬಂದ ಮೊದಲ ಸೆಮಿಸ್ಟರ್‌ನಲ್ಲೇ ಒಂದು ತಪ್ಪು ಮಾಡಿದೆ. ಪಾಠ ಶುರುವಾಗಲು ಮೂರೇ ದಿನ ಇತ್ತು. ಸಂಜೆಯ ಸಂಖ್ಯಾಶಾಸ್ತ್ರ ಕ್ಲಾಸಿಗೆ ಒಂಬತ್ತು ಜನ ಮಾತ್ರ ಸೇರಿದ್ದರು, ನಿಯಮದ ಪ್ರಕಾರ ಹನ್ನೆರಡು ಇರಬೇಕು. ರದ್ದು ಅಂತ ಸಹಿ ಹಾಕಿದೆ.

ಮಾರನೇ ದಿನ ಒಬ್ಬ ಹೆಣ್ಣುಮಗಳು ನನ್ನ ಟೇಬಲ್ ಮುಂದೆ ಬಂದು ನಿಂತರು. ಹಗಲು ಕೆಲಸ, ಮನೆಯಲ್ಲಿ ಎರಡು ಮಕ್ಕಳು. ಕೈಯಲ್ಲಿ ಮಡಚಿದ ಒಂದು ಚೀಟಿ. ಯಾವ ಸಂಜೆ ಮಕ್ಕಳನ್ನು ಯಾರ ಹತ್ತಿರ ಬಿಡಬೇಕು ಅಂತ ಇಡೀ ವಾರದ್ದು ಬರೆದುಕೊಂಡಿದ್ದರು. "ಸರ್, ನನಗೆ ಇದೊಂದೇ ಪೇಪರ್ ಬಾಕಿ ಇರೋದು" ಅಂದರು. ಬೆಳಗಿನ ಕ್ಲಾಸಿಗೆ ಬನ್ನಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಆಗ ಟೈಮ್‌ಟೇಬಲ್ ಕೈಗೆತ್ತಿಕೊಂಡೆ. ಹೋದ ವರ್ಷದ್ದಕ್ಕೇ ಹೊಸ ತಾರೀಖು ಹಾಕೋದು ನಮ್ಮಲ್ಲಿ ರೂಢಿ. ಲೆಕ್ಚರರ್‌ಗಳ ಅನುಕೂಲ ಅದರಲ್ಲಿತ್ತು, ಯಾರಿಗೆ ಯಾವ ಪೇಪರ್ ಬಾಕಿ ಅನ್ನೋದು ಇರಲಿಲ್ಲ. ಕೊನೆಯ ವರ್ಷದವರ ಫೈಲುಗಳನ್ನು ಒಂದೊಂದಾಗಿ ತೆಗೆದು, ಬಾಕಿ ಪೇಪರ್ ಮತ್ತು ಅವರು ಬರಬಹುದಾದ ಹೊತ್ತನ್ನು ಒಂದೇ ಶೀಟಿಗೆ ಇಳಿಸಿದೆವು. ತುಂಬಾ ದಿನ ಹಿಡಿಯಿತು. ಆದರೆ ಸಂಜೆ ಕ್ಲಾಸು ಯಾರಿಗೆ ಬೇಕು ಅಂತಿದ್ದ ವಿಭಾಗದ ಮುಖ್ಯಸ್ಥರು ಆ ಶೀಟ್ ನೋಡಿದ ಮೇಲೆ ಸುಮ್ಮನಾದರು. ಈ ಸಲ ಸಂಜೆ ಪಾಠ ಮಾಡಿದವರಿಗೆ ಮುಂದಿನ ಸಲ ಹೊತ್ತು ಆರಿಸಿಕೊಳ್ಳಲು ಮೊದಲ ಅವಕಾಶ ಅಂತ ಒಪ್ಪಿಕೊಂಡೆವು.

ಇನ್ನೊಂದು, ರದ್ದು ಮಾಡುವ ನಿರ್ಧಾರ ಮೂರು ವಾರ ಮುಂಚೆಯೇ ಆಗಬೇಕು. ಅದಕ್ಕೂ ಮೊದಲು, ಆ ಪೇಪರ್ ಬಾಕಿ ಇದ್ದೂ ಹೆಸರು ಕೊಡದವರಿಗೆಲ್ಲ ಫೋನ್ ಮಾಡಬೇಕು. ನಾನೂ ಕೂತು ಮಾಡಿದೆ. ಹಳೇ ಲೈಬ್ರರಿ ದಂಡ ಕಟ್ಟಿಲ್ಲ ಅಂತ ನಮ್ಮದೇ ಕಂಪ್ಯೂಟರ್ ಕೆಲವರ ರಿಜಿಸ್ಟ್ರೇಷನ್ ತಡೆದಿತ್ತು! ಚಿಲ್ಲರೆ ಬಾಕಿಗೆ ಅಡ್ಮಿಷನ್ ತಡೆಯೋದನ್ನು ಅವತ್ತೇ ನಿಲ್ಲಿಸಿದೆವು.

ಇದಕ್ಕೆಲ್ಲ ಹಣಕಾಸು ಸಮಿತಿಯನ್ನು ಒಪ್ಪಿಸೋದು ಕಷ್ಟವಾಯಿತು. ಅಲ್ಲಿ ನನಗೆ ನೆರವಾಗಿದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ವಿದ್ಯಾರ್ಥಿಗಳು ಬೇಗ ಪದವಿ ಮುಗಿಸಲಿ ಅಂತ 2007ರಲ್ಲಿ ಶುರು ಮಾಡಿದ 'ಎಸಾಪ್' (ASAP) ಯೋಜನೆ. ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ವಿದ್ಯಾರ್ಥಿಗೆ ಸಲಹೆಗಾರರ ಜೊತೆಗೆ ಪುಸ್ತಕ, ಓಡಾಟದ ಪಾಸ್ ಎಲ್ಲ ಕೊಟ್ಟರು. ಮೂರು ವರ್ಷದಲ್ಲಿ ಸುಮಾರು 40% ಜನ ಅಲ್ಲಿನ ಎರಡು ವರ್ಷದ ಪದವಿ ಮುಗಿಸಿದರು, ಯೋಜನೆಯಲ್ಲಿ ಇಲ್ಲದವರಲ್ಲಿ 22%. ತಲೆಗೆ ಖರ್ಚು ಜಾಸ್ತಿಯಾದರೂ, ಮುಗಿದ ಒಂದೊಂದು ಪದವಿಗೆ ಎಷ್ಟು ಅಂತ ಲೆಕ್ಕ ಹಿಡಿದರೆ ಕಡಿಮೆಯೇ ಬಿತ್ತು. ಅದು ಪೂರ್ತಿ ಹೊತ್ತು ಓದುವವರಿಗೆ ಮಾಡಿದ ಯೋಜನೆ. ನಮ್ಮಲ್ಲಿ ದುಡಿದುಕೊಂಡು ಓದುವವರೇ ಜಾಸ್ತಿ. ಹಾಗಾಗಿ ಒಂದನ್ನಷ್ಟೇ ತೆಗೆದುಕೊಂಡೆವು: ಪ್ರತಿ ವಿದ್ಯಾರ್ಥಿಗೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಸಲಹೆಗಾರರು.

ಸಂಖ್ಯಾಶಾಸ್ತ್ರ ಮುಂದಿನ ಸೆಮಿಸ್ಟರ್‌ನಲ್ಲಿ ಸಂಜೆಗೇ ಬಂತು. ಮೊದಲ ಫೋನು ಮಾಡಿದ್ದು ಆ ಚೀಟಿ ತಂದಿದ್ದ ತಾಯಿಗೆ. ಇನ್ನು ಗೆಸ್ಟ್ ಲೆಕ್ಚರರ್‌ಗಳ ವಿಷಯ ಬಾಕಿ ಇದೆ. ಕ್ಲಾಸು ರದ್ದಾದರೆ ಅವರ ಸಂಬಳವೂ ಹೋಗುತ್ತೆ, ಅಲ್ವಾ? ಅದಕ್ಕೆ ಈ ವರ್ಷ ಕೈ ಹಾಕಿದ್ದೇವೆ.