ಸಾಮಾನ್ಯ ಜ್ಞಾನದ ಪದಬಂಧ: ಅರ್ಧ ಗೊತ್ತಿದ್ದರೂ ಬಿಡಿಸುವುದು ಹೇಗೆ?

ಸಾಮಾನ್ಯ ಜ್ಞಾನದ ಪದಬಂಧ ಕಂಡರೆ ಎಷ್ಟೋ ಜನ ಪುಟ ಮಗುಚಿಬಿಡುತ್ತಾರೆ. ರಾಜಧಾನಿ, ಗ್ರಹ, ಲೋಹ, ಇಸವಿ ಎಲ್ಲ ಯಾರಿಗೆ ನೆನಪಿರುತ್ತೆ ಅಂತ. ನಿಜ ಹೇಳಬೇಕೆಂದರೆ ಅಷ್ಟು ನೆನಪು ಬೇಕಾಗಿಯೇ ಇಲ್ಲ. ಕ್ವಿಜ್‌ನಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಪದಬಂಧದಲ್ಲಿ ಹಾಗಲ್ಲ, ಪಕ್ಕದ ಪದಗಳು ಕೈ ಹಿಡಿಯುತ್ತವೆ.

ಮೊದಲು ಎಲ್ಲ ಸುಳಿವುಗಳನ್ನೂ ಒಮ್ಮೆ ಓದಿ. ಒಂದನೇ ನಂಬರಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಖಚಿತವಾಗಿ ಗೊತ್ತಿರುವುದನ್ನು ಮಾತ್ರ ತುಂಬಿ. ಅನುಮಾನ ಇರುವುದನ್ನು ಪೆನ್ಸಿಲ್‌ನಲ್ಲಿ, ಚೌಕದ ಮೂಲೆಯಲ್ಲಿ ಸಣ್ಣದಾಗಿ ಬರೆದಿಡಿ. ಒಂದು ತಪ್ಪು ಉತ್ತರ ಅದನ್ನು ಹಾದುಹೋಗುವ ಎಲ್ಲ ಪದಗಳನ್ನೂ ಕೆಡಿಸುತ್ತದೆ.

ಈಗ ಒಂದು ಮೂಲೆಯನ್ನು ಬಿಡಿಸಿಯೇ ನೋಡೋಣ. ಎಡದಿಂದ ಬಲಕ್ಕೆ ಒಂದು ಸುಳಿವು: 'ಮಾಮೂಲಿ ಉಷ್ಣತೆಯಲ್ಲೂ ದ್ರವವಾಗಿರುವ ಲೋಹ (4)'. ಇದು ಸುಲಭ, ಪಾದರಸ. ಪಾ, ದ, ರ, ಸ ಎಂದು ನಾಲ್ಕು ಚೌಕ ತುಂಬಿದವು.

ಈ 'ಪಾ' ಚೌಕದಲ್ಲಿ ಮೇಲಿನಿಂದ ಇಳಿದುಬಂದ ಪದವೊಂದು ಮುಗಿಯುತ್ತದೆ. ಸುಳಿವು: 'ಗುರುಗ್ರಹದ ದೊಡ್ಡ ಉಪಗ್ರಹಗಳಲ್ಲಿ ಒಂದು (3)'. ಗುರುವಿಗೆ ಉಪಗ್ರಹಗಳು ಜಾಸ್ತಿ, ಆದರೆ ದೊಡ್ಡವು ನಾಲ್ಕೇ. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಕಂಡವು: ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಅಯೋಗೆ ಎರಡೇ ಅಕ್ಷರ. ಗ್ಯಾನಿಮೀಡ್‌ಗೆ ನಾಲ್ಕು. ಉಳಿದದ್ದು ಯುರೋಪಾ, ಕ್ಯಾಲಿಸ್ಟೊ. ಎರಡಕ್ಕೂ ಮೂರು ಅಕ್ಷರ. ಕೊನೆಯ ಚೌಕದಲ್ಲಿ 'ಪಾ' ಆಗಲೇ ಕೂತಿದೆಯಲ್ಲ, ಹಾಗಾಗಿ ಯುರೋಪಾ. ಹೆಸರು ತಾನಾಗಿ ನೆನಪಿಗೆ ಬರದವರೂ ಈ ದಾರಿಯಲ್ಲಿ ಉತ್ತರಕ್ಕೆ ಬರಬಹುದು.

'ಸ'ದಿಂದ ಕೆಳಕ್ಕೆ ಇನ್ನೊಂದು: 'ಪ್ರಪಂಚದ ಅತಿ ದೊಡ್ಡ ಬಿಸಿ ಮರುಭೂಮಿ (3)'. ಸಹಾರಾ. ಇಲ್ಲಿ 'ಬಿಸಿ' ಎಂಬ ಮಾತನ್ನು ಸುಮ್ನೆ ಹಾಕಿಲ್ಲ. ಮಳೆ, ಹಿಮ ತೀರಾ ಕಡಿಮೆ ಬೀಳುವ ಜಾಗವೆಲ್ಲ ಮರುಭೂಮಿಯೇ. ಆ ಲೆಕ್ಕದಲ್ಲಿ ಅತಿ ದೊಡ್ಡದು ಅಂಟಾರ್ಕ್ಟಿಕಾ. ಒಳ್ಳೆಯ ಸುಳಿವಿನಲ್ಲಿ ಒಂದು ಪದವೂ ವ್ಯರ್ಥವಾಗಿರುವುದಿಲ್ಲ. ಅದನ್ನು ಎರಡು ಸಲ ಓದಲೇಬೇಕು.

ಸಹಾರಾದ 'ರಾ' ಚೌಕದಲ್ಲಿ ಅಡ್ಡ ಪದವೊಂದು ಮುಗಿಯುತ್ತದೆ: 'ಆಸ್ಟ್ರೇಲಿಯಾದ ರಾಜಧಾನಿ (4)'. ತಟ್ಟನೆ ಬಾಯಿಗೆ ಬರುವುದು ಸಿಡ್ನಿ, ಅಲ್ವಾ? ಅದಕ್ಕೆ ಎರಡೇ ಚೌಕ ಸಾಕು, ಕೊನೆಗೆ 'ರಾ' ಕೂಡ ಇಲ್ಲ. ಉತ್ತರ ಕ್ಯಾನ್‌ಬೆರಾ. ಸಿಡ್ನಿ ಮತ್ತು ಮೆಲ್ಬೋರ್ನ್ ಎರಡೂ ರಾಜಧಾನಿಯ ಪಟ್ಟಕ್ಕೆ ಪೈಪೋಟಿಗಿಳಿದಿದ್ದರಿಂದ ಹೊಸದಾಗಿ ಕಟ್ಟಿದ ಊರು ಅದು. 1913ರಲ್ಲಿ ಅದಕ್ಕೆ ಹೆಸರಿಟ್ಟರು. ಅದೇ ವರ್ಷ ಡಿಸೆಂಬರ್ 21ರಂದು ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು.

ಕ್ಯಾನ್‌ಬೆರಾದಂಥ ಹೆಸರಿನಲ್ಲಿ ಚೌಕದ ಲೆಕ್ಕ ಸ್ವಲ್ಪ ಗಮನಿಸಿ. ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಗುಣಿತ ಮತ್ತು ಒತ್ತು ಸೇರಿಸಿ. ಕ್ಯಾ, ನ್, ಬೆ, ರಾ ಎಂದು ಬಿಡಿಸಿದರೆ ನಾಲ್ಕು. 'ನ್ಬೆ' ಎಂದು ಕೂಡಿಸಿದರೆ ಮೂರು. ರಚಿಸಿದವರು ಯಾವ ಕ್ರಮ ಹಿಡಿದಿದ್ದಾರೆ ಎಂಬುದು ಆವರಣದ ಸಂಖ್ಯೆಯಿಂದ ತಿಳಿಯುತ್ತದೆ. ಹೊರದೇಶದ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಉತ್ತರ ಸರಿ ಅನ್ನಿಸಿಯೂ ಚೌಕಕ್ಕೆ ಹೊಂದದಿದ್ದರೆ ಕಾಗುಣಿತ ಬದಲಿಸಿ ನೋಡಿ.

ಸುಳಿವಿನ ಬಾಲವೂ ಮುಖ್ಯ. 'ಕಂಡುಹಿಡಿದವರು' ಅಂದರೆ ವ್ಯಕ್ತಿಯ ಹೆಸರು ಬೇಕು. 'ಈಗಿನ ಹೆಸರು' ಅಂದರೆ ಸಿಲೋನ್ ಬದಲು ಶ್ರೀಲಂಕಾ, ಬರ್ಮಾ ಬದಲು ಮ್ಯಾನ್ಮಾರ್.

ಹಳೆಯ ಪದಬಂಧ ಬಿಡಿಸುವವರು ಅದು ಯಾವ ವರ್ಷದ್ದು ಎಂದು ಮೊದಲೇ ನೋಡಿಕೊಳ್ಳಿ. 'ಸೂರ್ಯನಿಂದ ಅತಿ ದೂರದ ಗ್ರಹ' ಎಂಬ ಸುಳಿವಿಗೆ ಎರಡೇ ಚೌಕ ಕೊಟ್ಟಿದ್ದರೆ ಗಾಬರಿಯಾಗಬೇಡಿ, ಅದು ಪ್ಲೂಟೊ. 2006ರಲ್ಲಿ ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದ ಮೇಲೆ ಉತ್ತರ ನೆಪ್ಚೂನ್ ಆಯಿತು. ಕಜಕಿಸ್ತಾನದ ರಾಜಧಾನಿ 2019ರಲ್ಲಿ ಅಸ್ತಾನಾದಿಂದ ನೂರ್‌ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು.

ಇಷ್ಟಾದರೂ ಒಂದು ಮೂಲೆ ಖಾಲಿ ಉಳಿದರೆ? ಪುಸ್ತಕವನ್ನೋ ಮೊಬೈಲನ್ನೋ ನೋಡುವುದರಲ್ಲಿ ತಪ್ಪೇನಿಲ್ಲ ಅನ್ನುವವನು ನಾನು. ಆದರೆ ಒಂದೇ ಒಂದು ಉತ್ತರ ನೋಡಿ. ಅದೂ ಆ ಮೂಲೆಯಲ್ಲಿ ಅತಿ ಹೆಚ್ಚು ಪದಗಳನ್ನು ಹಾದುಹೋಗುವ ಉದ್ದದ ಪದದ್ದು. ಅದನ್ನು ತುಂಬಿ, ಬಿಟ್ಟಿದ್ದ ಸುಳಿವುಗಳನ್ನು ಮತ್ತೆ ಓದಿ. ಒಂದೆರಡು ಅಕ್ಷರ ಸಿಕ್ಕ ಮೇಲೆ ಅದೇ ಸುಳಿವು ಬೇರೆಯಾಗಿ ಕಾಣುತ್ತದೆ.