ರಷ್ಯಾದ ಡ್ಯಾನ್ಸ್ ಮ್ಯೂಸಿಕ್ ಕೇಳೋಕೆ ಶುರು ಮಾಡೋದು ಹೇಗೆ, ಚಪಲ್ ಹಡಗಿನ ಪಕ್ಕ ಕೂತು

ಕಾರವಾರದಲ್ಲಿ ಸಂಜೆ ಬೀಚ್ ಕಡೆ ಬಂದ್ರೆ ಬೈಕ್ ರೀಲ್ಸ್ ಮಾಡೋ ಹುಡುಗ್ರ ಫೋನಲ್ಲೆಲ್ಲ ಒಂದೇ ಥರದ ಹಾಡು, ಟಿಂಕ್ ಟಿಂಕ್ ಟಿಂಕ್ ಅಂತ ದನದ ಕೊರಳಿನ ಗಂಟೆ ಥರ ಶುರುವಾಗಿ ಆಮೇಲೆ ಸ್ಪೀಕರ್ ಹರಿದೇ ಹೋಯ್ತೇನೋ ಅನ್ನೋ ಬೇಸ್ ಬರ್ತದಲ್ಲ, ಅದೇ. ಅಕ್ಕನ ಮಗನ್ನ ಕೇಳಿದೆ ಇದು ಎಲ್ಲಿಂದು ಮಾರಾಯ ಅಂತ. "ಇನ್‌ಸ್ಟಾದ್ದು ಮಾಮಾ" ಅಂದ. ಇನ್‌ಸ್ಟಾ ಅನ್ನೋದು ಒಂದು ಊರು ಅಂದ್ಕೊಂಡಿದ್ದಾನೋ ಏನೋ.

ಅದರಲ್ಲಿ ಬಹಳಷ್ಟು ರಷ್ಯಾದ್ದು. ಅವನಿಗೆ ಹೇಳಿಕೊಟ್ಟ ದಾರಿನೇ ಇಲ್ಲಿ ಬರೀತಾ ಇದ್ದೇನೆ. ಎಲ್ಲರೂ ಮೊದಲಿಂದ ಶುರು ಮಾಡಿ ಅಂತಾರೆ, ನಾನು ಹೇಳೋದು ಉಲ್ಟಾ, ಈಗ ಕಿವಿಗೆ ಬೀಳ್ತಾ ಇರೋದ್ರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳೀಬೇಕು. 1920ರ ಮಷಿನ್ ಸದ್ದಿಂದ ಶುರು ಮಾಡಿದ್ರೆ ಯಾರೂ ಹತ್ತು ನಿಮಿಷ ಕೂರಲ್ಲ.

ಮೊದಲು ತಯಾರಿ. ಫೋನ್ ಸ್ಪೀಕರಲ್ಲಿ ಕೇಳಬೇಡಿ, ಅಷ್ಟು ಚಿಕ್ಕ ಸ್ಪೀಕರಲ್ಲಿ ಕೆಳಗಿನ ಬೇಸ್ ಬರೋದೇ ಇಲ್ಲ, ಸಾರು ಇಲ್ದೆ ಬರೀ ಅನ್ನ ಉಂಡ ಹಾಗೆ ಆಗ್ತದೆ. ಇನ್ನೂರು ಮುನ್ನೂರು ರೂಪಾಯಿದು ವೈರ್ ಇರೋ ಇಯರ್‌ಫೋನ್ ಆದ್ರೂ ಸಾಕು. ಕುಮಟಾ-ಶಿರಸಿ ಬಸ್ಸಲ್ಲಿ ಕೇಳೋರಾದ್ರೆ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ, ದೇವಿಮನೆ ಘಾಟ್ ಹತ್ತಿದ ಮೇಲೆ ನೆಟ್‌ವರ್ಕ್ ನಂಬಬೇಡಿ. ಇನ್ನೊಂದು, ಸರ್ಚ್ ಮಾಡುವಾಗ ಟ್ರಾನ್ಸ್‌ಲೇಟ್ ಆ್ಯಪಲ್ಲಿ ಹೆಸರು ಹಾಕಿ ರಷ್ಯನ್ ಲಿಪಿಗೆ ತಿರುಗಿಸಿ, ಅದನ್ನ ಕಾಪಿ ಮಾಡಿ ಹುಡುಕಿ. ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಯಾರ್ಯಾರೋ ಮಾಡಿದ ರೀಮಿಕ್ಸೇ ಜಾಸ್ತಿ ಬರ್ತವೆ.

ಈಗ ಮೊದಲ ಮೆಟ್ಟಿಲು. ಆ ಗಂಟೆ ಸದ್ದಿನ ಮ್ಯೂಸಿಕ್ಕಿಗೆ ಡ್ರಿಫ್ಟ್ ಫಾಂಕ್ ಅಂತಾರೆ, 2020ರ ಆಸುಪಾಸು ರಷ್ಯಾದ ಹುಡುಗ್ರು ಮನೇಲೇ ಕಂಪ್ಯೂಟರ್ ಮುಂದೆ ಕೂತು ಬೆಳೆಸಿದ್ದು. ಮೂಲ ಅಲ್ಲಿದಲ್ಲ, ಅಮೆರಿಕದ ಮೆಂಫಿಸ್ ಊರಿನ 90ರ ದಶಕದ ರ‍್ಯಾಪ್ ಕ್ಯಾಸೆಟ್ಟುಗಳು, ಅದಕ್ಕೆ ಜಪಾನಿನ ರೋಲ್ಯಾಂಡ್ ಕಂಪನಿಯ 808 ಅನ್ನೋ ಡ್ರಮ್ ಮಷಿನ್ನಿನ ಗಂಟೆ ಸದ್ದು ಸೇರಿಸಿ, ಎಲ್ಲಾನೂ ಬೇಕಂತಲೇ ಹರಿಯೋ ತನಕ ಜೋರು ಮಾಡಿದ್ದು. ಡಿವಿಆರ್‌ಎಸ್‌ಟಿ ಅಂತ ಹೆಸರಿಟ್ಕೊಂಡ ಒಬ್ಬ ರಷ್ಯನ್ ಹುಡುಗ ಇದ್ದಾನೆ, ಅವನನ್ನ ಹುಡುಕಿ, ಇದೊಂದನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ, DVRST ಅಂತ. ಕೇಳುವಾಗ ಗಂಟೆ ಒಂದನ್ನೇ ಹಿಡೀರಿ, ಅಲ್ಲಿ ರಾಗ ನುಡಿಸ್ತಾ ಇರೋದೇ ಆ ಗಂಟೆ. ಎರಡು ಮೂರು ಹಾಡು ಸಾಕು, ಅದರ ಮೇಲೆ ಎಲ್ಲಾ ಒಂದೇ ಅನ್ಸೋಕೆ ಶುರುವಾಗ್ತದೆ.

ಇನ್ನೊಂದು ಮೆಟ್ಟಿಲು ಇಳಿದ್ರೆ ಹಾರ್ಡ್ ಬಾಸ್. ಅಡಿಡಾಸ್ ಟ್ರ್ಯಾಕ್ ಸೂಟ್ ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂತು ಕುಣಿಯೋ ವಿಡಿಯೋ ನೋಡಿರ್ತೀರಿ. ಇದು ಸೇಂಟ್ ಪೀಟರ್ಸ್‌ಬರ್ಗ್ ಕಡೆ ಹುಟ್ಟಿದ್ದು. ಇದನ್ನ ಕೇಳೋಕೆ ಒಂದು ಉಪಾಯ ಇದೆ. ಫೋನಲ್ಲಿ 15 ಸೆಕೆಂಡ್ ಟೈಮರ್ ಇಟ್ಟು ಕಾಲು ಕುಟ್ಟುತ್ತಾ ಎಣಿಸಿ, ಬಂದಿದ್ದನ್ನ ನಾಲ್ಕರಿಂದ ಗುಣಿಸಿ. ಕ್ಲಬ್ಬಲ್ಲಿ ಕುಣಿಯೋಕೆ ಹಾಕೋ ಮಾಮೂಲಿ ಹೌಸ್ ಮ್ಯೂಸಿಕ್ಕಲ್ಲಿ 30ರ ಆಸುಪಾಸು ಪೆಟ್ಟು ಬರ್ತದೆ, ಅಂದ್ರೆ ನಿಮಿಷಕ್ಕೆ 120. ಹಾರ್ಡ್ ಬಾಸಲ್ಲಿ 38 ದಾಟ್ತದೆ, ನಿಮಿಷಕ್ಕೆ 150ರ ಮೇಲೆ. ಆಮೇಲೆ ಆ ಪೆಟ್ಟುಗಳ ಮಧ್ಯದ ಜಾಗ ಕೇಳಿ, ಅಲ್ಲಿ "ಟೊಂಯ್ ಟೊಂಯ್" ಅಂತ ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಗುದ್ದಿದ ಹಾಗೆ ಒಂದು ಸದ್ದು ಬರ್ತದೆ. ಕಾಲು ಪೆಟ್ಟಿಗೆ ಬಿದ್ದು ಮೈ ಮಧ್ಯದ ಸದ್ದಿಗೆ ಏಳ್ತದೆ, ಕುಣಿತ ಅಂದ್ರೆ ಇಷ್ಟೇ. ಚಂಡೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಸ್ಪೀಡ್ ದೊಡ್ಡದಲ್ಲ ಬಿಡಿ, ಆದ್ರೆ ಚಂಡೆ ಏರ್ತದೆ ಇಳೀತದೆ, ಇದು ಮೊದಲಿಂದ ಕೊನೇ ತನಕ ಓಡೋದೊಂದೇ.

ಒಂದು ಎಚ್ಚರಿಕೆ. ಹಾಡಲ್ಲಿ ಕೇಳಿದ ರಷ್ಯನ್ ಶಬ್ದ ಯಾರ ಮುಂದೂ ಹೇಳೋಕೆ ಹೋಗಬೇಡಿ. ನಾನು ಗೋಕರ್ಣದ ಕುಡ್ಲೆ ಬೀಚಲ್ಲಿ ಒಬ್ಬ ರಷ್ಯನ್ ಅಜ್ಜಿಗೆ ನಮಸ್ಕಾರ ಅಂದ್ಕೊಂಡು ಒಂದು ಶಬ್ದ ಹೇಳಿದೆ, ಅವಳು ಚಾ ಗ್ಲಾಸ್ ಕೆಳಗಿಟ್ಟು ನನ್ನ ಮುಖಾನೇ ನೋಡಿದಳು, ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಳು. ಶುದ್ಧ ಬೈಗುಳ ಅದು.

90ರ ದಶಕದ ಪಾಪ್ ಡ್ಯಾನ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ರೂಕಿ ವ್ವೇರ್ಖ್ ಅಂತ ಒಂದು ಗ್ರೂಪ್, ಅಂದ್ರೆ "ಕೈ ಮೇಲೆತ್ತಿ", ಅವರ ಒಂದು ಹಾಡಿನ ಟ್ಯೂನನ್ನೇ ಜರ್ಮನಿಯ ಎಟಿಸಿ ಗ್ರೂಪ್ 2000ದಲ್ಲಿ ಇಂಗ್ಲಿಷಲ್ಲಿ ಹಾಡಿ ಯುರೋಪ್ ಪೂರ್ತಿ ಹಿಟ್ ಮಾಡ್ತು, ಆ "ಲಾ ಲಾ ಲಾ ಲಾ ಲಾ" ಇದೆಯಲ್ಲ, ಅದೇ. ಮೂಲ ರಷ್ಯನ್ ಹಾಡು ಒಮ್ಮೆ ಕೇಳಿ, ಮುಂದೆ ಹೋಗಿ.

ಮುಂದಿನ ಮೆಟ್ಟಿಲಲ್ಲಿ ಹಾಡಿಗಿಂತ ಜಾಗಾನೇ ಮುಖ್ಯ. ಇಲ್ಲಿ ಫೋಟೋ, ಹಳೇ ವಿಡಿಯೋ ಹುಡುಕಿ ನೋಡ್ತಾ ಕೇಳಬೇಕು. 1989ರ ಹೊತ್ತಿಗೆ ಲೆನಿನ್‌ಗ್ರಾಡಲ್ಲಿ, ಅಂದ್ರೆ ಈಗಿನ ಸೇಂಟ್ ಪೀಟರ್ಸ್‌ಬರ್ಗಲ್ಲಿ, ಫೊಂಟಾಂಕಾ ನದಿ ದಂಡೆಯ ಒಂದು ಖಾಲಿ ಬಿದ್ದ ಮನೇಲಿ ಹುಡುಗ್ರು ಸೇರಿ ಹೌಸ್ ಹಾಕಿ ಕುಣಿಯೋಕೆ ಶುರು ಮಾಡಿದ್ರು. ಅದೇ ಗುಂಪಿನವರು 1991ರ ಡಿಸೆಂಬರ್ 14ಕ್ಕೆ ಮಾಸ್ಕೋದಲ್ಲಿ ಗಗಾರಿನ್ ಪಾರ್ಟಿ ಮಾಡಿದ್ದು, ಎಲ್ಲಿ ಅಂದ್ರೆ ಸರ್ಕಾರಿ ವಸ್ತುಪ್ರದರ್ಶನದ ಬಾಹ್ಯಾಕಾಶ ಪೆವಿಲಿಯನ್ ಒಳಗೆ, ರಾಕೆಟ್ಟು ಉಪಗ್ರಹಗಳನ್ನ ಇಟ್ಟಿದ್ದ ಜಾಗ. ಅದಾಗಿ ಹನ್ನೊಂದು ದಿನಕ್ಕೆ ಸೋವಿಯತ್ ಒಕ್ಕೂಟದ ಅಧ್ಯಕ್ಷ ಗೋರ್ಬಚೋವ್ ರಾಜೀನಾಮೆ ಕೊಟ್ರು, ದೇಶಾನೇ ಇಲ್ಲ. ನಾಳೆ ಸಂಬಳ ಬರ್ತದೋ ಇಲ್ವೋ ಗೊತ್ತಿಲ್ಲ, ಇವತ್ತು ಮಾತ್ರ ರಾಕೆಟ್ ಕೆಳಗೆ ಕುಣಿತ. 1993ಕ್ಕೆ ಪೀಟರ್ಸ್‌ಬರ್ಗಲ್ಲಿ ಟೊನ್ನೆಲ್ ಅಂತ ಟೆಕ್ನೋ ಕ್ಲಬ್ ತೆಗೆದ್ರು (ಟೆಕ್ನೋ ಅಂದ್ರೆ ಹಾಡೋದು ಕಮ್ಮಿ, ಮಷಿನ್ ಪೆಟ್ಟೇ ಜಾಸ್ತಿ ಇರೋ ಡ್ಯಾನ್ಸ್ ಮ್ಯೂಸಿಕ್), ಅದು ಬಾಂಬ್ ಬಿದ್ರೆ ಅಡಗೋಕೆ ಅಂತ ನೆಲದಡಿ ಕಟ್ಟಿದ್ದ ಬಂಕರ್.

ಇನ್ನು ಕಜಾಂಟಿಪ್ ಅನ್ನೋ ಡ್ಯಾನ್ಸ್ ಹಬ್ಬ. ಇದು ಕ್ರೈಮಿಯಾದಲ್ಲಿ ಆಗಿದ್ದು, ಆಗ ಅದು ಸ್ವತಂತ್ರ ಉಕ್ರೇನಿನ ಭಾಗ, ಹಾಗಾಗಿ ಪೂರ್ತಿ ರಷ್ಯಾದ್ದು ಅನ್ನೋಕಾಗಲ್ಲ, ಆದ್ರೆ ರಷ್ಯಾದಿಂದ ಜನ ಹೋಗಿದ್ದಕ್ಕೆ ಲೆಕ್ಕ ಇಲ್ಲ. ಸಮುದ್ರದಲ್ಲಿ ಗಾಳಿಹಾಯಿ ಹಲಗೆ ಓಡಿಸೋ ಸ್ಪರ್ಧೆ ಅಂತ ಶುರುವಾಗಿ, ರಾತ್ರಿ ಪಾರ್ಟಿ ಬೆಳೆದು, 90ರ ಮಧ್ಯಕ್ಕೆ ಶೋಲ್ಕಿನೋ ಊರಿನ ಅರ್ಧ ಕಟ್ಟಿ ಬಿಟ್ಟ ಅಣುಸ್ಥಾವರದ ಒಳಗೇ ಕುಣಿತ. ಚೆರ್ನೊಬಿಲ್ ದುರಂತ ಆದಮೇಲೆ ಕೆಲಸ ನಿಂತುಹೋದ ಸ್ಥಾವರ ಅದು, ಇಂಧನಾನೇ ಹಾಕಿರ್ಲಿಲ್ಲ, ಹಾಗಾಗಿ ಭಯ ಇಲ್ಲ. ನಮ್ಮವರು ಕೈಗಾ ಗೇಟ್ ಹತ್ರ ಗಾಡಿ ನಿಧಾನ ಮಾಡೋಕೂ ಯೋಚನೆ ಮಾಡ್ತಾರೆ, ಇವರು ರಿಯಾಕ್ಟರ್ ಹಾಲಲ್ಲಿ ಸ್ಪೀಕರ್ ಜೋಡಿಸಿದ್ರು! ಈ ಜಾಗಗಳನ್ನ ಮನಸ್ಸಲ್ಲಿಟ್ಟು ಆ ಕಾಲದ ಟೆಕ್ನೋ ಕೇಳಿದ್ರೆ ಆ ಖಾಲಿ ಗೋಡೆ, ಆ ಕಾಂಕ್ರೀಟಿನ ಪ್ರತಿಧ್ವನಿ ಯಾಕೆ ಹಾಗಿದೆ ಅಂತ ತಂತಾನೇ ಹೊಳೀತದೆ.

ಈಗ ಎದ್ದು ನಡೀರಿ, ಟಾಗೋರ್ ಬೀಚಿನ ವಾರ್‌ಶಿಪ್ ಮ್ಯೂಸಿಯಮ್ಮಿಗೆ. ಐಎನ್‌ಎಸ್ ಚಪಲ್ ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ, ಪಕ್ಕದಲ್ಲಿ ನಿಂತಿರೋ ಟುಪೊಲೆವ್ ವಿಮಾನಾನೂ ಅಲ್ಲಿದೇ. ಟಿಕೆಟ್ ತಗೊಂಡು ಒಳಗೆ ಹೋಗಿ ಅದರ ಪ್ಯಾನೆಲ್ ನೋಡಿ, ದಪ್ಪ ಸ್ವಿಚ್ಚು, ಗಟ್ಟಿ ಗುಂಡಿಗಳು. ಆಮೇಲೆ ಫೋನಲ್ಲಿ ಪೊಲಿವೋಕ್ಸ್ ಅನ್ನೋ ಸಿಂಥಸೈಜರ್, ಅಂದ್ರೆ ಕರೆಂಟಿಂದ ಸದ್ದು ಹುಟ್ಟಿಸೋ ಕೀಬೋರ್ಡ್, ಅದರ ಫೋಟೋ ಹುಡುಕಿ ನೋಡಿ. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ, ಅದು ಸುಮ್ನೆ ಅಲ್ಲ. 1982ರಿಂದ ಉರಲ್ ಬೆಟ್ಟದ ಕಡೆ ಕಚ್ಕನಾರ್ ಊರಿನ ಫಾರ್ಮಂಟಾ ಫ್ಯಾಕ್ಟರಿಲಿ ಮಾಡಿದ್ದು, ಒಳಗಿನ ಸರ್ಕಿಟ್ ವ್ಲಾದಿಮಿರ್ ಕುಜ್ಮಿನ್ ಅನ್ನೋ ಇಂಜಿನಿಯರದ್ದು, ಹೊರಗಿನ ರೂಪ ಅವರ ಹೆಂಡತಿ ಒಲಿಂಪಿಯಾದಾ ಅವರದ್ದು, ಸೈನ್ಯದ ರೇಡಿಯೋ ಸೆಟ್ಟುಗಳ ಥರಾನೇ ಮಾಡಿದ್ರು. ಅದರ ಫಿಲ್ಟರ್, ಅಂದ್ರೆ ಸದ್ದನ್ನ ಸೋಸಿ ಬದಲಾಯಿಸೋ ಭಾಗ, ಅದರ ಸದ್ದು ನಯ ಇಲ್ಲ, ಕೀರಲು, ತುಕ್ಕು ಹಿಡಿದ ಬಾಗಿಲು ಎಳೆದ ಹಾಗೆ, ಅದಕ್ಕೇ ಇವತ್ತು ಬೇರೆ ದೇಶದವರೂ ಆ ಫಿಲ್ಟರನ್ನ ನಕಲು ಮಾಡಿ ಮಾರ್ತಾರೆ. ಡೆಮೊ ವಿಡಿಯೋ ಕೇಳಿ, ಆಮೇಲೆ ವಾಪಸ್ ಮೊದಲ ಮೆಟ್ಟಿಲಿನ ಫಾಂಕ್ ಹಾಕಿ. ಮಷಿನ್ ಬೇರೆ, ಆ ಒರಟುತನದ ರುಚಿ ಒಂದೇ.

ತೀರಾ ಕೆಳಗಿನ ಮೆಟ್ಟಿಲು ಅಂದ್ರೆ ಲೆವ್ ಟರ್ಮೆನ್ 1920ರ ಸುಮಾರಿಗೆ ಮಾಡಿದ ಥೆರೆಮಿನ್, ಮುಟ್ಟದೇ ಗಾಳೀಲಿ ಕೈ ಆಡಿಸಿ ನುಡಿಸೋದು, 1922ರಲ್ಲಿ ಲೆನಿನ್ ಮುಂದೇನೂ ನುಡಿಸಿ ತೋರಿಸಿದ್ದ. ನನಗೆ ಅದಕ್ಕಿಂತ ಇಷ್ಟ ಎಎನ್‌ಎಸ್. ಎವ್ಗೆನಿ ಮುರ್ಜಿನ್ ಅನ್ನೋ ಇಂಜಿನಿಯರ್ 1930ರ ದಶಕದ ಕೊನೇಲಿ ಯೋಚನೆ ಶುರು ಮಾಡಿ 50ರ ದಶಕದ ಕೊನೆಗೆ ಮುಗಿಸಿದ ಮಷಿನ್ ಅದು. ಗಾಜಿನ ಮೇಲೆ ಒಣಗದ ಕಪ್ಪು ಅಂಟು ಬಳಿದು ಅದನ್ನ ಗೀರಿ ಚಿತ್ರ ಬರೀಬೇಕು, ಗೀರಿದಲ್ಲಿ ಬೆಳಕು ತೂರಿ ಬಂದು ಸದ್ದಾಗ್ತದೆ, 720 ಸ್ವರ. ಎದ್ವಾರ್ದ್ ಅರ್ತೆಮ್ಯೆವ್ ಇದನ್ನ ಬಳಸಿ 1972ರ ಸೊಲಾರಿಸ್ ಸಿನಿಮಾಕ್ಕೆ ಸಂಗೀತ ಮಾಡಿದ್ರು. ಅದೇ ಅರ್ತೆಮ್ಯೆವ್ 1979ರಲ್ಲಿ ಬೇರೆ ಸಿನಿಮಾಕ್ಕೆ ಹಾಕಿದ ಒಂದು ಟ್ಯೂನನ್ನ ರೊಸ್ತೊವ್ ಊರಿನ ಪಿಪಿಕೆ ಗ್ರೂಪಿನ ಹುಡುಗ್ರು ಟ್ರಾನ್ಸ್ ಅನ್ನೋ ಥರದ ಡ್ಯಾನ್ಸ್ ಮ್ಯೂಸಿಕ್ ಮಾಡಿದಾಗ 2001ರಲ್ಲಿ ಇಂಗ್ಲೆಂಡ್ ಚಾರ್ಟಲ್ಲಿ 3ನೇ ಸ್ಥಾನ. ಮೊದಲು ಪಿಪಿಕೆ ಕೇಳಿ, ಆಮೇಲೆ ಮೂಲ ಟ್ಯೂನ್, ಕೊನೆಗೆ ಸೊಲಾರಿಸ್, ಇದೇ ಕ್ರಮ. ನಾನು ಉಲ್ಟಾ ಕೇಳಿ ನಿದ್ದೆ ಹೋಗಿದ್ದೆ.

ಇಷ್ಟಾದಮೇಲೆ ಮೇಲೆ ಬರೋಕೆ ನೀನಾ ಕ್ರಾವಿಜ್ ಸಾಕು. ಸೈಬೀರಿಯಾದ ಇರ್ಕುತ್ಸ್ಕ್‌ನವಳು, ಓದಿದ್ದು ಹಲ್ಲಿನ ಡಾಕ್ಟರಿಕೆ, ಈಗ ಜಗತ್ತಿನ ದೊಡ್ಡ ಟೆಕ್ನೋ ಡಿಜೆಗಳಲ್ಲಿ ಒಬ್ಬಳು. ಅವಳ ಹಳೇ ಹಾಡುಗಳಲ್ಲಿ ಖಾಲಿ ಜಾಗ ಜಾಸ್ತಿ, ಸದ್ದು ಕಮ್ಮಿ. ಅದನ್ನ ಮಾತ್ರ ಬೀಚಲ್ಲಿ ಕೇಳಬೇಡಿ, ಅಲೆ ಸದ್ದಲ್ಲಿ ಅರ್ಧ ಹೋಗ್ತದೆ. ರಾತ್ರಿ ಊಟ ಆಗಿ ಫ್ಯಾನ್ ಆಫ್ ಮಾಡಿ ಕೇಳಿ, ಸೆಕೆ ಆಗ್ತದೆ, ಸ್ವಲ್ಪ ತಡ್ಕೊಳ್ಳಿ. ಅಕ್ಕನ ಮಗ ಹಾಗೇ ಕೂತು ಕೇಳ್ತಾ ಇದ್ದ ನಿನ್ನೆ, ಅವನಮ್ಮ ಕರೆಂಟ್ ಹೋಗಿದೆ ಅಂದ್ಕೊಂಡು ಮೇಣದಬತ್ತಿ ತಂದಳು.